ಕುದುರೆ ಕುಂಟಿದರೆ ಮೊದಲು ಗೊರಸು ನೋಡು

ಕುದುರೆ ಕುಂಟಿತು ಅಂದರೆ ಸಾಕು, ಟಾಂಗಾ ಸ್ಟ್ಯಾಂಡಿನಲ್ಲಿ ಇರುವವರೆಲ್ಲ ಡಾಕ್ಟರಾಗುತ್ತಾರೆ. ಒಬ್ಬ ಭುಜ ಉಳುಕಿದೆ ಅನ್ನುತ್ತಾನೆ, ಇನ್ನೊಬ್ಬ ನರ ಎಳೆದಿದೆ ಅನ್ನುತ್ತಾನೆ, ಹಸು ಸಾಕಿದವನು ಬಂದು ಕಾಲುಬಾಯಿ ಜ್ವರ ಅಂದುಬಿಡುತ್ತಾನೆ. ಕಾಲುಬಾಯಿ ಜ್ವರ ಸೀಳುಗೊರಸಿನ ಪ್ರಾಣಿಗಳ ರೋಗ, ಕುದುರೆಗೆ ಬರುವುದೇ ಇಲ್ಲ. ಭುಜದ ನೋವು ಬರುತ್ತದೆ, ಆದರೆ ಅಪರೂಪ. ನಿನ್ನೆ ಸಂಜೆ ನೆಟ್ಟಗೆ ನಡೆದು ಬಂದ ಕುದುರೆ ಬೆಳಿಗ್ಗೆ ಕಾಲೂರದೆ ನಿಂತಿದ್ದರೆ, ಕಾರಣ ಬಹುಪಾಲು ಗೊರಸಿನಲ್ಲೇ ಸಿಗುತ್ತದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ ಅನ್ನುವುದು ನಮಗೆ ಗಾದೆ. ಮೊಳೆ ತುಳಿದ ಕುದುರೆಯ ಭುಜಕ್ಕೆ ನಿಜವಾಗಿಯೇ ಬರೆ ಹಾಕಿಸಿ, ಆಮೇಲೆ ನನ್ನ ಹತ್ತಿರ ಹಿಡಿದುಕೊಂಡು ಬಂದವರಿದ್ದಾರೆ.

ಮಗೂ, ಈಗ ನಿಮ್ಮಪ್ಪನ ಟಾಂಗಾ ನಿನ್ನ ಕೈಗೆ ಬಂದಿದೆ. ಮೈಸೂರಿನಲ್ಲಿ ಟಾಂಗಾ, ಸಾರೋಟು ಓಡಿಸುವ ಹುಡುಗರು ಕಡಿಮೆಯಾಗುತ್ತಿದ್ದಾರೆ. ಕುದುರೆಯ ಕಾಲು ನೋಡಬಲ್ಲ ಹಿರಿಯರು ಅದಕ್ಕಿಂತ ಬೇಗ ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ಈ ಮಾತು. ಔಷಧಿ ಕೊಡುವುದು ಡಾಕ್ಟರ ಕೆಲಸ. ಯಾವ ಕಾಲು, ಯಾವಾಗಿನಿಂದ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಹೇಳುವುದು ನಿನ್ನ ಕೆಲಸ. ನೀನು ಸರಿಯಾಗಿ ನೋಡಿಟ್ಟಿದ್ದರೆ ಅವರ ಅರ್ಧ ಕೆಲಸ ಮುಗಿದ ಹಾಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಲು ಸೊಟ್ಟಗೆ ತೂಗುತ್ತಿದ್ದರೆ, ಎಲುಬು ಕಾಣುತ್ತಿದ್ದರೆ, ಬಿದ್ದೋ ಒದೆ ತಿಂದೋ ಆದಮೇಲೆ ಕಾಲು ಸ್ವಲ್ಪವೂ ಊರದಿದ್ದರೆ, ಅಲ್ಲಿಗೆ ನಿನ್ನ ಪರೀಕ್ಷೆ ನಿಲ್ಲಿಸು. ಒಂದು ಹೆಜ್ಜೆಯನ್ನೂ ನಡೆಸಬೇಡ. ರಸ್ತೆ ಮಧ್ಯೆ ಆದರೂ ಸರಿ, ಗಾಡಿ ಬಿಚ್ಚಿ, ತಲೆ ಹಿಡಿದು, ಡಾಕ್ಟರನ್ನು ಅಲ್ಲಿಗೇ ಕರೆಸು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ, ದುಡ್ಡು ಕೊಡಬೇಕಿಲ್ಲ.

ಹಾಗೇನೂ ಇಲ್ಲ, ಕುಂಟುತ್ತಲೇ ನಡೆಯುತ್ತಿದೆ ಅಂದರೆ ಯಾವ ಕಾಲು ಅನ್ನುವುದನ್ನು ಗೊತ್ತುಮಾಡು. ಗಟ್ಟಿ ನೆಲ, ನೇರ ದಾರಿ, ಹಗ್ಗ ಸಡಿಲ. ಇನ್ನೊಬ್ಬನ ಕೈಯಲ್ಲಿ ಹಿಡಿಸಿ ಮೊದಲು ನಡೆಸು, ಆಮೇಲೆ ಸಣ್ಣ ಓಟ ಓಡಿಸು, ಸವಾರಿ ಕಲಿಸುವವರು ಟ್ರಾಟ್ ಅನ್ನುತ್ತಾರಲ್ಲ, ಅದು. ಹಗ್ಗ ಬಿಗಿಯಾಗಿ ಹಿಡಿದರೆ ತಲೆ ಆಡುವುದಿಲ್ಲ, ನಿನಗೆ ಏನೂ ಕಾಣುವುದಿಲ್ಲ. ಮುಂಗಾಲಿನ ನೋವಾದರೆ ಆ ಕಾಲು ನೆಲಕ್ಕೆ ತಾಗುವಾಗ ಕುದುರೆ ತಲೆ ಎತ್ತುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗಿಸುತ್ತದೆ. ಹೊಸಬರು ಇದನ್ನು ತಿರುವುಮುರುವು ಮಾಡಿಕೊಂಡು ಒಳ್ಳೆಯ ಕಾಲಿಗೇ ಎಣ್ಣೆ ಉಜ್ಜುತ್ತಿರುತ್ತಾರೆ. ಹಿಂಗಾಲಾದರೆ ಹಿಂದೆ ನಿಂತು ಸೊಂಟದ ಎರಡು ಬದಿಯ ಮೂಳೆ ನೋಡು. ಯಾವ ಬದಿಯದು ಹೆಚ್ಚು ಏರಿಳಿಯುತ್ತದೋ ಸಾಮಾನ್ಯವಾಗಿ ಆ ಕಡೆಯ ಕಾಲು. ಮೈ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳೇ ಹೊರುವುದರಿಂದ ಕುಂಟೂ ಮುಂದೆಯೇ ಹೆಚ್ಚು.

ಕಾಲು ಗೊತ್ತಾದ ಮೇಲೆ ಕೆಳಗಿನಿಂದ ಮೇಲಕ್ಕೆ ಹೋಗು, ಮೇಲಿನಿಂದ ಕೆಳಕ್ಕಲ್ಲ. ಗೊರಸನ್ನು ಅಂಗೈಯಿಂದ ಮುಟ್ಟಿ ನೋಡು, ಜೊತೆ ಕಾಲಿನ ಗೊರಸಿಗಿಂತ ಬಿಸಿಯಾಗಿದೆಯೇ? ಬಿಸಿಲಲ್ಲಿ ನಿಂತ ಗೊರಸು ತಾನಾಗಿಯೇ ಕಾಯ್ದಿರುತ್ತದೆ, ಅದಕ್ಕೆ ನೆರಳಿನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡು. ಆಮೇಲೆ ನಾಡಿ. ಗೊರಸಿನ ಮೇಲಿನ ಗೆಣ್ಣು ಇದೆಯಲ್ಲ, ಅದರ ಹಿಂಬದಿಯಲ್ಲಿ ಎಡಕ್ಕೂ ಬಲಕ್ಕೂ ಮೆತ್ತಗೆ ಬೆರಳಿಡು. ಆರೋಗ್ಯವಾಗಿರುವ ಕುದುರೆಯಲ್ಲಿ ಅಲ್ಲಿಯ ನಾಡಿ ಹುಡುಕಿದರೂ ಸಿಗುವುದು ಕಷ್ಟ. ಗೊರಸಿನೊಳಗೆ ಉರಿ ಇದ್ದರೆ ಬೆರಳಿಗೆ ಟಕಟಕ ಹೊಡೆಯುತ್ತದೆ. ಇದನ್ನು ಕಲಿಯುವುದು ಕುಂಟಿದ ದಿನ ಅಲ್ಲ. ದಿನಾ ಮೈ ಉಜ್ಜುವಾಗ ನಾಲ್ಕೂ ಕಾಲಿನ ನಾಡಿ ಹಿಡಿದು ನೋಡುವ ರೂಢಿ ಇದ್ದವನಿಗೆ ಮಾತ್ರ ಇವತ್ತು ಬೇರೆಯಾಗಿದೆ ಅನ್ನುವುದು ಗೊತ್ತಾಗುತ್ತದೆ.

ಈಗ ಕಾಲೆತ್ತಿ ಅಂಗಾಲು ಕೆರೆದು ತೊಳೆ. ಲಾಳಕ್ಕೂ ಅಂಗಾಲಿಗೂ ನಡುವೆ ಕಲ್ಲು ಸಿಕ್ಕಿಕೊಂಡಿದ್ದರೆ ತೆಗೆ. ಕೆಲವು ಸಲ ರೋಗ ಅಷ್ಟೇ, ಅಲ್ಲಿಗೇ ಗುಣ. ಮೊಳೆ ಕಂಡರೆ ಮಾತ್ರ ಕೈ ತಡೆ. ಎಲ್ಲರಿಗೂ ತಕ್ಷಣ ಕಿತ್ತು ಬಿಸಾಕುವ ಆಸೆ. ಅಂಗಾಲಿನ ನಡುವೆ ಮೂರು ಮೂಲೆಯ ಮೆತ್ತನೆ ಭಾಗ ಇದೆಯಲ್ಲ, ಅಲ್ಲಿ ಹೋದ ಮೊಳೆ ಒಳಗಿನ ಸಣ್ಣ ಎಲುಬು, ಅದರ ನೀರಿನ ಚೀಲ, ಕೀಲಿನವರೆಗೂ ಮುಟ್ಟಿರಬಹುದು. ಕಿತ್ತ ಮೇಲೆ ತೂತು ಮುಚ್ಚಿಕೊಳ್ಳುತ್ತದೆ, ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿತ್ತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಡಾಕ್ಟರು ಬೇಗ ಬರುವಂತಿದ್ದರೆ, ಕುದುರೆ ಆ ಕಾಲು ಊರಿ ಮೊಳೆಯನ್ನು ಇನ್ನೂ ಒಳಕ್ಕೆ ತಳ್ಳದಂತೆ ನಿಲ್ಲಿಸಿಕೊಳ್ಳಲು ಆಗುವಂತಿದ್ದರೆ, ಹಾಗೇ ಬಿಡು, ಎಕ್ಸ್‌ರೇ ಆಗಲಿ. ತೆಗೆಯಲೇಬೇಕಾದರೆ ಮೊಬೈಲಿನಲ್ಲಿ ಫೋಟೋ ಹಿಡಿ, ಹೋದ ಜಾಗಕ್ಕೆ ಗುರುತು ಹಾಕು, ಮೊಳೆಯನ್ನು ಎತ್ತಿಟ್ಟುಕೊಂಡು ಡಾಕ್ಟರಿಗೆ ತೋರಿಸು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ, ತಗಲಿದರೆ ಉಳಿಯುವುದು ಕಷ್ಟ. ಟಿ.ಟಿ. ಹಿಂದೆ ಯಾವಾಗ ಹಾಕಿಸಿದ್ದೆ ಅನ್ನುವುದು ಬರೆದಿಟ್ಟಿರಬೇಕು.

ಮೊಳೆ ಇಲ್ಲ, ಗಾಯ ಇಲ್ಲ, ಆದರೂ ಕುದುರೆ ಗೊರಸಿನ ತುದಿ ಮಾತ್ರ ಊರಿ ನಡುಗುತ್ತಿದೆ. ಇದನ್ನು ನೋಡಿ ಕಾಲೇ ಮುರಿಯಿತು ಅಂತ ಅತ್ತವರು ಎಷ್ಟೋ ಮಂದಿ. ಸಾಮಾನ್ಯವಾಗಿ ಇದು ಗೊರಸಿನೊಳಗಿನ ಕೀವು. ನಮಗೆ ಉಗುರುಸುತ್ತು ಆದಾಗ ಹೇಗೆ ಪ್ರಾಣ ಹೋಗುತ್ತದೋ ಹಾಗೆ: ಗಟ್ಟಿ ಗೊರಸು ಹಿಗ್ಗುವುದಿಲ್ಲ, ಒಳಗಿನ ಕೀವಿಗೆ ದಾರಿ ಇಲ್ಲ. ಮಳೆಗಾಲದಲ್ಲಿ ಗೊರಸು ನೆನೆದು ಮೆತ್ತಗಾಗಿರುತ್ತದೆ, ಸಣ್ಣ ಕಲ್ಲಿನ ಚೂರು ಬಿರುಕಿನಲ್ಲಿ ಸೇರಿದರೂ ಸಾಕು. ಡಾಕ್ಟರು ಇಕ್ಕಳದಂಥ ಸಲಕರಣೆಯಿಂದ ಅಂಗಾಲನ್ನು ಅಲ್ಲಲ್ಲಿ ಅದುಮಿ ನೋಡುತ್ತಾರೆ. ಕುದುರೆ ಎಲ್ಲಿ ಕಾಲು ಕಿತ್ತುಕೊಳ್ಳುತ್ತದೋ ಅಲ್ಲಿ ಕೆತ್ತಿ ಕೀವು ಬಿಡಿಸುತ್ತಾರೆ. ನೀನು ಚಾಕು ಹಿಡಿದು ಕೆತ್ತಲು ಹೋಗಬೇಡ. ಅವರು ಹೇಳಿದ ಹಾಗೆ ಎಪ್ಸಮ್ ಉಪ್ಪಿನ ಬೆಚ್ಚಗಿನ ನೀರಿನಲ್ಲಿ ಅದ್ದಿ, ಪಟ್ಟು ಕಟ್ಟಿ, ಒಣ ಜಾಗದಲ್ಲಿ ನಿಲ್ಲಿಸು. ಕೀವು ಹೊರಬಿದ್ದರೆ ಒಂದೆರಡು ದಿನದಲ್ಲೇ ನಡಿಗೆ ಸುಧಾರಿಸುವುದನ್ನು ಕಾಣುತ್ತೀಯ.

ಲಾಳ ಹೊಡೆಸಿದ ಮರುದಿನವೋ ಮೂರ್ನಾಲ್ಕು ದಿನದಲ್ಲೋ ಕುಂಟಿದರೆ ಯೋಚನೆಯೇ ಬೇಡ, ಲಾಳದ ಮೊಳೆ ಜೀವದ ಭಾಗಕ್ಕೆ ತಗಲಿದೆ ಅಥವಾ ಅದಕ್ಕೆ ತೀರ ಹತ್ತಿರ ಹೋಗಿದೆ ಎಂದು ಮೊದಲು ಅನುಮಾನಿಸು. ಲಾಳ ಕಟ್ಟಿದವರನ್ನೇ ಕರೆಸಿ ಒಂದೊಂದೇ ಮೊಳೆ ಬಿಚ್ಚಿಸು, ಯಾವ ಮೊಳೆ ಒದ್ದೆಯಾಗಿ ಬರುತ್ತದೆ ನೋಡು. ಅವರ ಮೇಲೆ ರೇಗಬೇಡ. ದಸರಾ ಹತ್ತಿರ ಬಂದಾಗ ಎಲ್ಲರೂ ಒಂದೇ ವಾರ ಅವರ ಮುಂದೆ ಕುದುರೆ ಕಟ್ಟಿ ಅವಸರ ಮಾಡುತ್ತೀರಿ. ಅವಸರದ ಪಾಲು ನಿಮ್ಮದೂ ಇದೆ.

ಇನ್ನು ಎರಡೂ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದೆ, ತಿರುಗಲು ಒಲ್ಲೆ ಅನ್ನುತ್ತಿದೆ, ಎರಡೂ ಕಾಲಿನ ನಾಡಿ ಹೊಡೆಯುತ್ತಿದೆ ಅಂದರೆ ಹಿಂದಿನ ದಿನ ಏನು ತಿಂದಿತು ಅಂತ ಕೇಳಿಕೋ. ಹಗ್ಗ ಬಿಚ್ಚಿಕೊಂಡು ಕಾಳಿನ ಮೂಟೆಗೆ ಬಾಯಿ ಹಾಕಿತೇ? ಪ್ರವಾಸಿಗರು ಪ್ರೀತಿಯಿಂದ ಸಿಹಿ, ಅನ್ನ ತಿನ್ನಿಸಿದರೇ? ಗೊರಸಿನ ಒಳಪದರ ಉರಿಯುವ ಈ ರೋಗಕ್ಕೆ ಲ್ಯಾಮಿನೈಟಿಸ್ ಅನ್ನುತ್ತಾರೆ. ಕಾಳು ನಿಲ್ಲಿಸು, ಮೆತ್ತನೆ ನೆಲದಲ್ಲಿ ನಿಲ್ಲಿಸು, ಗೊರಸುಗಳನ್ನು ಮಂಜುಗಡ್ಡೆ ನೀರಿನಲ್ಲಿ ಇಡು, ಅವತ್ತೇ ಡಾಕ್ಟರು ನೋಡಬೇಕು. ತಡವಾದರೆ ಒಳಗಿನ ಎಲುಬು ಜಾರಿ ಅಂಗಾಲಿನ ಕಡೆಗೆ ತಿರುಗುತ್ತದೆ, ಆಮೇಲೆ ಆ ಕುದುರೆ ದುಡಿಯುವುದು ಕಷ್ಟ. ಇಲ್ಲಿ ಬಿಸಿನೀರಿನ ಅದ್ದಾಟ ಬೇಡ, ಕೀವಿಗೆ ಮಾಡಿದ್ದನ್ನು ಇದಕ್ಕೆ ಮಾಡಬೇಡ.

ಒಂದೆರಡು ದಿನ ರಜ, ಹುರುಳಿ ಮಾತ್ರ ದಿನದ ಲೆಕ್ಕದಲ್ಲೇ ಪೂರ್ತಿ, ಆಮೇಲೆ ಗಾಡಿ ಕಟ್ಟಿದ ಸ್ವಲ್ಪ ಹೊತ್ತಿಗೇ ಬೆವೆತು ಹಿಂಭಾಗ ಕಲ್ಲಾಗಿ ನಿಂತರೆ, ಅದು ಕಾಲಿನದಲ್ಲ, ಮಾಂಸಖಂಡದ್ದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿರಬಹುದು. ನಡೆಸಿ ಬಿಡಿಸುತ್ತೇನೆ ಅಂತ ಎಳೆಯಬೇಡ, ನಿಂತಲ್ಲೇ ನಿಲ್ಲಿಸಿ ಡಾಕ್ಟರನ್ನು ಕರೆಸು. ರಜದ ದಿನ ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚು ಹಾಕುತ್ತಿದ್ದ ನಿಮ್ಮ ತಾತನಿಗೆ ಇದು ಗೊತ್ತಿತ್ತು.

ಗೊರಸಿನಲ್ಲಿ ಏನೂ ಸಿಗದಿದ್ದಾಗ ಮೇಲೆ ಹೋಗು. ಮಂಡಿಗೂ ಗೆಣ್ಣಿಗೂ ನಡುವೆ ಹಿಂಭಾಗದಲ್ಲಿ ಹಗ್ಗದ ಹಾಗೆ ಬಿಗಿಯಾಗಿರುವ ಸ್ನಾಯುರಜ್ಜು ಊದಿದೆಯೇ, ಬಿಲ್ಲಿನಂತೆ ಹೊರಕ್ಕೆ ಉಬ್ಬಿದೆಯೇ, ಮುಟ್ಟಿದರೆ ಹೆದರುತ್ತದೆಯೇ ನೋಡು. ಇದ್ದರೆ 20 ನಿಮಿಷ ತಣ್ಣೀರು ಬಿಡು, ದಿನಕ್ಕೆ ಹಲವು ಸಲ. ಕೀಲಿನ ಹತ್ತಿರ ಅಕ್ಕಿಕಾಳಿನಷ್ಟು ಗಾಯ ಇದ್ದು ಕುಂಟು ಮಾತ್ರ ಜೋರಾಗಿದ್ದರೆ ಆ ಗಾಯವನ್ನು ಸಣ್ಣದೆಂದು ತಿಳಿಯಬೇಡ. ಸೋಂಕು ಕೀಲಿನೊಳಗೆ ಹೋಗಿದ್ದರೆ ಗಂಟೆಗಳ ಲೆಕ್ಕ.

ನೋವಿನ ಮಾತ್ರೆಯ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಡಾಕ್ಟರು ನೋಡುವ ಮುಂಚೆ ಕೊಡಬೇಡ. ನೋವು ಅಡಗಿದರೆ ಯಾವ ಕಾಲು, ಯಾವ ಜಾಗ ಅನ್ನುವುದು ಅವರಿಗೂ ಸಿಗುವುದಿಲ್ಲ. ಬಿರುಕು ಬಿಟ್ಟ ಎಲುಬಿನ ಮೇಲೆ ಕುದುರೆ ಪೂರ್ತಿ ಭಾರ ಹಾಕಿ ಮುರಿದುಕೊಳ್ಳುತ್ತದೆ. ಮನುಷ್ಯರ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಚುಚ್ಚಿಸುವವರೂ ಇದ್ದಾರೆ. ಆ ಔಷಧಿ ಕೊಟ್ಟ ಪ್ರಾಣಿ ಸತ್ತಾಗ ತಿಂದ ರಣಹದ್ದುಗಳು ಸಾಯುತ್ತವೆ ಎಂದು 2006ರಲ್ಲೇ ಪ್ರಾಣಿಗಳ ಬಳಕೆಗೆ ನಿಷೇಧಿಸಿದ್ದಾರೆ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ರಾಮದೇವರ ಬೆಟ್ಟ ಇದೆಯಲ್ಲ, ಅಲ್ಲಿ ರಣಹದ್ದುಗಳಿಗೆಂದೇ ಅಭಯಾರಣ್ಯ ಮಾಡಿದ್ದಾರೆ.

ನಡಿಗೆ ನೆಟ್ಟಗಾದ ದಿನವೇ ಗಾಡಿಗೆ ಕಟ್ಟುವ ಆಸೆ ನಿನಗೂ ಬರುತ್ತದೆ, ಮನೆ ನಡೆಯಬೇಕಲ್ಲ. ಕೀವಾದರೆ ತೂತು ಗಟ್ಟಿಯಾಗುವವರೆಗೆ ಕಾದರೆ ಆಯಿತು. ಸ್ನಾಯುರಜ್ಜು ಹರಿದಿದ್ದರೆ ತಿಂಗಳುಗಳೇ ಬೇಕು, ಕೆಲವಕ್ಕೆ ವರ್ಷ. ಬಾಡಿಗೆ ಹೋದರೆ ಹೋಗಲಿ, ಇನ್ನೊಂದು ಕುದುರೆ ಸಿಗದಿದ್ದರೆ ಟಾಂಗಾ ನಿಲ್ಲಲಿ, ಕುಂಟುವ ಕುದುರೆಯ ಹೆಗಲಿಗೆ ಗಾಡಿ ಹಾಕಬೇಡ. ರೋಗಿಯಾದ, ಗಾಯಗೊಂಡ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.