ಟೈರ್ ಬದಲಿಸುವ ಮುನ್ನ ಅದರ ಸವೆತ ನೋಡಿ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಕಾರು ನೇರ ಓಡುತ್ತಿದೆ, ಸ್ಟೇರಿಂಗ್ ಮಾತ್ರ ಒಂದು ಕಡೆಗೆ ವಾಲಿದೆ. ಹಳ್ಳಿ ರಸ್ತೆಯ ಗುಂಡಿಗೆ ಚಕ್ರ ಜೋರಾಗಿ ಬಿದ್ದ ಮೇಲೆ ಹೀಗಾಗುವುದುಂಟು. ‘ನಡೀತದ ಬಿಡ್ರಿ’ ಎಂದು ಸುಮ್ಮನಾದರೆ ಒಳ್ಳೆಯ ಟೈರ್ ಅಕಾಲದಲ್ಲಿ ಹಾಳಾಗುತ್ತದೆ.

ಹಂತ 1: ಗಾಳಿ ನೋಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಅಳೆಯಿಸಿ. ಬೇಕಾದ ಪ್ರಮಾಣ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಬರೆದಿರುತ್ತದೆ. ಗಾಳಿ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ.

ಹಂತ 2: ಅಂಗೈಯಿಂದ ಸವರಿ. ಗಾಡಿ ನಿಲ್ಲಿಸಿ, ಟೈರಿನ ಮೇಲೆ ಅಡ್ಡಲಾಗಿ ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ನಿಧಾನವಾಗಿ ಕೈಯಾಡಿಸಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ತಪ್ಪಿದೆ. ಟೋ ಎಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು. 15 ಇಂಚಿನ ರಿಮ್ಮಿನಲ್ಲಿ ಒಂದು ಚಕ್ರ 2 ಮಿ.ಮೀ. ತಪ್ಪಿದರೂ ಪ್ರತಿ ಕಿಲೋಮೀಟರಿಗೆ ಸುಮಾರು 5 ಮೀಟರಿನಷ್ಟು ಅಡ್ಡಲಾಗಿ ಉಜ್ಜಿಕೊಳ್ಳುತ್ತದೆ. ಟೈರ್ ತಿನ್ನುವುದು ಈ ಉಜ್ಜಾಟವೇ.

ಹಂತ 3: ಒಂದೇ ಅಂಚು ನುಣ್ಣಗಾಗಿದೆಯೇ? ಕ್ಯಾಂಬರ್, ಅಂದರೆ ಚಕ್ರದ ವಾಲಿಕೆ, ಕೂಡ ಕಾರಣವಿರಬಹುದು. ಎದುರು ನಿಂತು ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಒಳ ಅಂಚು, ಹೊರಕ್ಕೆ ವಾಲಿದ್ದರೆ ಹೊರ ಅಂಚು ಸವೆಯುತ್ತದೆ. ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಸ್ಟೇರಿಂಗ್ ಅಕ್ಷದ ಓರೆ, ತಪ್ಪಿದರೆ ಟೈರಿಗಿಂತ ಹೆಚ್ಚಾಗಿ ಸ್ಟೇರಿಂಗಿಗೆ ತಟ್ಟುತ್ತದೆ: ತಿರುವಿನ ನಂತರ ಅದು ತಾನಾಗಿ ನೇರವಾಗುವುದಿಲ್ಲ, ಅಥವಾ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಹಂತ 4: ಮೊದಲು ರಿಪೇರಿ, ಆಮೇಲೆ ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್. ಟೈ ರಾಡ್, ಬಾಲ್ ಜಾಯಿಂಟ್, ಬುಷ್ ಸಡಿಲವಿದ್ದರೆ ಅಳತೆ ನಿಲ್ಲುವುದಿಲ್ಲ. ಅನೇಕ ಸಣ್ಣ ಕಾರುಗಳಲ್ಲಿ ಹೊಂದಿಸಲು ಬರುವುದು ಮುಂದಿನ ಟೋ ಮಾತ್ರ. ಕ್ಯಾಂಬರ್ ತಪ್ಪಿದ್ದರೆ ಯಾವ ಭಾಗ ಬಾಗಿದೆಯೆಂದು ಮೆಕ್ಯಾನಿಕ್‌ಗೆ ಕೇಳಿ.

ಹಂತ 5: ಹೊಂದಿಸುವ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಬಳಿಕ ಸಮತಟ್ಟಾದ ನೇರ ರಸ್ತೆಯಲ್ಲಿ ಓಡಿಸಿ ನೋಡಿ, ಕೈ ಸ್ಟೇರಿಂಗ್ ಮೇಲೆಯೇ ಇರಲಿ. ವೇಗ ಹೆಚ್ಚಿದಂತೆ ಸ್ಟೇರಿಂಗ್ ನಡುಗಿದರೆ ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್ ದೋಷ. ಅದನ್ನೂ ಅಲೈನ್‌ಮೆಂಟ್ ದೋಷವನ್ನೂ ಒಂದೆಂದು ತಿಳಿಯಬೇಡಿ.

ಕಾರಿನ ಟೈರ್ ಸವೆದು ಅದರ ಮೇಲಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ಒಳ ಅಂಚು ನಿಂತು ನೋಡಿದರೆ ಕಾಣದು. ಅಲ್ಲಿ ತಂತಿ ಕಾಣುವವರೆಗೂ ಓಡಿಸಿದವರಿದ್ದಾರೆ. ಸುಮಾರು 10,000 ಕಿ.ಮೀ.ಗೊಮ್ಮೆ, ಜೋರು ಪೆಟ್ಟು ಬಿದ್ದಾಗ, ಹೊಸ ಟೈರ್ ಹಾಕಿಸಿದ ದಿನ ಅಲೈನ್‌ಮೆಂಟ್ ಮಾಡಿಸಿ. ಕಾರಣ ಸರಿಪಡಿಸದೆ ಹಾಕಿಸಿದ ಹೊಸ ಟೈರೂ ಅದೇ ಅಂಚಿನಿಂದ ಸವೆಯಲು ಶುರುವಾಗುತ್ತದೆ.