ಮಂಡಿ ಆಪರೇಷನ್‌ಗೆ ಎರಡು ಬಜೆಟ್

ಮಂಡಿ ಆಪರೇಷನ್‌ಗೆ ಎಷ್ಟಾಗುತ್ತದೆ ಎಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ವಿಚಾರಿಸಿದರೆ ಕೌಂಟರಿನಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಪ್ಯಾಕೇಜ್ ಇಷ್ಟು, ರೂಮು ಇಂಥದ್ದು, ದಿನ ಇಷ್ಟು. ಅಲ್ಲಿಂದ ಮುಂದೆ ಮನೆಯಲ್ಲಿ ನಡೆಯುವ ಮಾತೆಲ್ಲ ಆ ಹಾಳೆಯ ಮೇಲೇ. ಎರಡು ಲಕ್ಷ ಚಿಲ್ಲರೆ ಹೇಳಿದವರಲ್ಲಿಗೆ ಹೋಗುವುದೋ, ಮೂರೂವರೆ ಹೇಳಿದವರಲ್ಲಿಗೋ? ರೋಬೋಟ್ ಬೇಕೋ ಬೇಡವೋ? ಹೊಸ ಮಂಡಿ ಎಷ್ಟು ಬಗ್ಗುತ್ತದೆ, ಮೆಟ್ಟಿಲು ಹತ್ತಲು ಬರುತ್ತದೋ ಇಲ್ಲವೋ ಎಂಬುದು ಮಾತ್ರ ಬಹುಮಟ್ಟಿಗೆ ತೀರ್ಮಾನವಾಗುವುದು ಆ ಹಾಳೆಯಲ್ಲೇ ಇಲ್ಲದ ಖರ್ಚಿನಲ್ಲಿ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲಿನ ಮೂರು ತಿಂಗಳ ಖರ್ಚಿನಲ್ಲಿ.

ಈ ಅಂಕಣಕಾರನ ತಾಯಿ ತಿಪಟೂರಿನವರು. ಕೊಬ್ಬರಿ ಮಂಡಿಯ ಲೆಕ್ಕ ನೋಡುತ್ತ ಬೆಳೆದ ಮನೆತನ, ಹಾಗಾಗಿ ರೋಗಕ್ಕಿಂತ ಮೊದಲು ರೇಟು ಕೇಳುವ ಸ್ವಭಾವ. ಎರಡೂ ಮಂಡಿಗಳ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುತ್ತಿದೆ ಎಂದು ಎಕ್ಸ್‌ರೇ ಹೇಳಿತ್ತು. ಅವರ ವಿವರಣೆ ಇನ್ನೂ ಚುಟುಕು: "ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ ಕಣಪ್ಪ." ಮಾತ್ರೆ, ಎಣ್ಣೆ, ಇಂಜೆಕ್ಷನ್, ಬೆಲ್ಟು ಎಲ್ಲ ಮುಗಿಸಿಯೇ ಅವರು ಆಪರೇಷನ್‌ಗೆ ಒಪ್ಪಿದ್ದು. ಹಾಗೆ ತಡವಾಗಿ ಒಪ್ಪುವುದರಲ್ಲಿ ದೊಡ್ಡ ತಪ್ಪೇನಿಲ್ಲ. ಇದು ತುರ್ತು ಚಿಕಿತ್ಸೆಯಲ್ಲ, ದಿನ ನೋಡಿ ಮಾಡಿಸಿಕೊಳ್ಳುವಂಥದ್ದು. ಹಣಕಾಸಿನ ದೃಷ್ಟಿಯಿಂದ ಅದೇ ಇದರ ದೊಡ್ಡ ಅನುಕೂಲ.

ಮೊದಲು ಆಸ್ಪತ್ರೆಯ ಹಾಳೆಯನ್ನೇ ನೋಡೋಣ. ಆಪರೇಷನ್‌ನಲ್ಲಿ ತೊಡೆಮೂಳೆಯ ಕೆಳತುದಿ ಮತ್ತು ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯ ಸವೆದ ಪದರವನ್ನು ತೆಗೆದು ಲೋಹದ ಹೊದಿಕೆ ಕೂರಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್‌ನ ಪಟ್ಟಿ ಇಡುತ್ತಾರೆ. ಒಂದು ಕಾಲದಲ್ಲಿ ಬಿಲ್ಲು ಏರುತ್ತಿದ್ದದ್ದು ಈ ಇಂಪ್ಲಾಂಟ್‌ನಿಂದಲೇ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿತು. ಆಗ ರಸಗೊಬ್ಬರ ಮತ್ತು ರಾಸಾಯನಿಕ ಸಚಿವರಾಗಿದ್ದವರು ಬೆಂಗಳೂರು ದಕ್ಷಿಣದ ಸಂಸದ ಅನಂತಕುಮಾರ್. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟ್‌ನ ಸರಾಸರಿ ಎಂಆರ್‌ಪಿ 1,58,324 ರೂಪಾಯಿ ಇದ್ದದ್ದು ಜಿಎಸ್‌ಟಿ ಬಿಟ್ಟು 54,720ಕ್ಕೆ ಇಳಿಯಿತು. ಟೈಟೇನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂನದಕ್ಕೆ 76,600, ಹಳೆಯದನ್ನು ತೆಗೆದು ಮತ್ತೆ ಹಾಕುವ ರಿವಿಷನ್ ಇಂಪ್ಲಾಂಟ್‌ಗೆ 1,13,950 ಎಂದು ನಿಗದಿಯಾಯಿತು. ಆಮೇಲೆ ಈ ಅಂಕಿಗಳು ಸ್ವಲ್ಪ ಹಿಂದೆ ಮುಂದೆ ಆಗಿವೆ. ಆಪರೇಷನ್‌ಗೆ ಮೊದಲು ಆ ವರ್ಷದ ಮಿತಿ ಎಷ್ಟೆಂದು ನೋಡಿಕೊಳ್ಳುವುದು ಒಳ್ಳೆಯದು.

ಅದೇ ಆದೇಶದಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಷರತ್ತಿದೆ. ಆಸ್ಪತ್ರೆ ಇಂಪ್ಲಾಂಟ್‌ನ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಬ್ರ್ಯಾಂಡ್, ತಯಾರಕರು ಅಥವಾ ಆಮದುದಾರರ ಹೆಸರು, ಬ್ಯಾಚ್ ಸಂಖ್ಯೆ ಸಮೇತ. ತಾಯಿಗೆ ಆಪರೇಷನ್ ಆದ ಆಸ್ಪತ್ರೆಯಲ್ಲಿ ಕೊಟ್ಟ ಮೊದಲ ಬಿಲ್ಲಿನಲ್ಲಿ "ಇಂಪ್ಲಾಂಟ್ ಸೇರಿದಂತೆ ಪ್ಯಾಕೇಜ್" ಎಂದು ಒಂದೇ ಸಾಲಿತ್ತು. ಆದೇಶದ ಹೆಸರು ಹೇಳಿ ಕೇಳಿದ ಮೇಲೆ ಬಿಡಿಬಿಡಿಯಾಗಿ ಅಚ್ಚು ಹಾಕಿ ಕೊಟ್ಟರು. ಡಿಸ್ಚಾರ್ಜ್ ಫೈಲಿನ ಕೊನೆಯಲ್ಲಿ ಚಿಕ್ಕ ಚಿಕ್ಕ ಬಿಳಿ ಸ್ಟಿಕ್ಕರುಗಳು ಸಾಲಾಗಿ ಅಂಟಿದ್ದವು: ತೊಡೆಯ ಭಾಗದ್ದೊಂದು, ಕಾಲಿನ ಭಾಗದ್ದೊಂದು, ನಡುವಿನ ಪಟ್ಟಿಯದೊಂದು, ಮೂಳೆಗೆ ಅಂಟಿಸುವ ಸಿಮೆಂಟಿನದೊಂದು. ಪ್ರತಿಯೊಂದರಲ್ಲೂ ಬಾರ್‌ಕೋಡು, ಅಳತೆ, ಲಾಟ್ ನಂಬರು. ಕ್ಲೇಮಿಗೆ ಮೂಲ ಫೈಲು ಕಳಿಸುವ ಮೊದಲು ಈ ಪುಟದ ಫೋಟೊ ತೆಗೆದಿಟ್ಟುಕೊಳ್ಳಬೇಕು. ಹದಿನೈದು ವರ್ಷ ಕಳೆದು ಯಾರಾದರೂ ಆ ಮಂಡಿಯನ್ನು ಮತ್ತೆ ತೆರೆಯಬೇಕಾಗಿ ಬಂದರೆ ಒಳಗೇನಿದೆ ಎಂದು ಹೇಳುವುದು ಆ ಸ್ಟಿಕ್ಕರುಗಳೇ. ಹಾಗೆ ತೆರೆಯುವ ಪ್ರಸಂಗ ಕಡಿಮೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳುತ್ತವೆ.

ರೋಬೋಟ್ ವಿಷಯ ಬೇಗ ಮುಗಿಸಬಹುದು. ಮೂಳೆ ಕತ್ತರಿಸುವ ಕೋನದಲ್ಲಿ ನಿಖರತೆ ಹೆಚ್ಚುತ್ತದೆ ಎಂಬುದು ನಿಜ. ವರ್ಷಗಳ ನಂತರ ರೋಗಿಯ ನಡಿಗೆಯಲ್ಲಿ ದೊಡ್ಡ ವ್ಯತ್ಯಾಸ ಇರುತ್ತದೆ ಎಂಬುದು ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಎಷ್ಟೋ ವಿಮಾ ಪಾಲಿಸಿಗಳು ರೋಬೋಟಿಕ್ ಶಸ್ತ್ರಚಿಕಿತ್ಸೆಗೆ ಬೇರೆ ಮಿತಿ ಹಾಕಿರುತ್ತವೆ. ಆ ಹೆಚ್ಚುವರಿ ಹಣ ಕೈಯಿಂದ ಹೋಗುವುದಾದರೆ ಅದನ್ನು ಫಿಸಿಯೋಥೆರಪಿಗೆ ಇಟ್ಟುಕೊಳ್ಳುವುದೇ ಮೇಲು ಎಂಬುದು ಈ ಅಂಕಣದ ಅಭಿಪ್ರಾಯ.

ವಿಮೆಯಲ್ಲಿ ಮೊದಲ ಪ್ರಶ್ನೆ ಕಾಯುವ ಅವಧಿಯದು. ಸವೆತದಿಂದಾಗುವ ಕೀಲು ಬದಲಾವಣೆಯನ್ನು ಹೆಚ್ಚಿನ ವೈಯಕ್ತಿಕ ಪಾಲಿಸಿಗಳು ಎರಡು ಅಥವಾ ಮೂರು ವರ್ಷ ಕಾದ ಮೇಲಷ್ಟೇ ಒಪ್ಪುತ್ತವೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಈ ಅವಧಿ 36 ತಿಂಗಳು ಮೀರಕೂಡದೆಂದು ಮಾಡಿತು, ಮೊದಲು 48 ಇತ್ತು. ಅಪಘಾತದಿಂದ ಬದಲಾಯಿಸಬೇಕಾಗಿ ಬಂದರೆ ಈ ಕಾಯುವಿಕೆ ಇಲ್ಲ. ಅಂದರೆ ಅಪ್ಪನೋ ಅಮ್ಮನೋ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯಲು ಶುರುಮಾಡಿದ ವರ್ಷವೇ ಪಾಲಿಸಿ ಮಾಡಿಸುವ ಕೊನೆಯ ಗಡುವು. ಮಾಡಿಸುವಾಗ ಮಂಡಿನೋವನ್ನು ಅರ್ಜಿಯಲ್ಲಿ ಬರೆಯಲೇಬೇಕು, ಮುಚ್ಚಿಟ್ಟರೆ ಕ್ಲೇಮು ತಿರಸ್ಕರಿಸಲು ಅದೇ ಕಾರಣವಾಗುತ್ತದೆ. ಮಗ ಅಥವಾ ಮಗಳ ಕಂಪನಿಯ ಗುಂಪು ವಿಮೆಯಲ್ಲಿ ತಂದೆತಾಯಿ ಸೇರಿದ್ದರೆ ಸಾಮಾನ್ಯವಾಗಿ ಕಾಯುವ ಅವಧಿ ಇರುವುದಿಲ್ಲ. ಆದರೆ ಬಿಲ್ಲಿನಲ್ಲಿ ಇಂತಿಷ್ಟು ಪಾಲು ನಿಮ್ಮದೇ ಎಂಬ ಕೋ-ಪೇ ಇರುತ್ತದೆ, ಮಂಡಿಗೆಂದೇ ಬೇರೆ ಮಿತಿಯೂ ಇರಬಹುದು. ಕೆಲಸ ಬಿಟ್ಟರೆ ರಕ್ಷಣೆಯೂ ಹೋಗುತ್ತದೆ. ಐಟಿ ಕಂಪನಿ ಬದಲಾಯಿಸುವ ಯೋಚನೆಯಲ್ಲಿರುವವರು ಅಮ್ಮನ ಎಕ್ಸ್‌ರೇಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಎರಡನೆಯದು ರೂಮು. ಐದು ಲಕ್ಷದ ಪಾಲಿಸಿ, ದಿನದ ರೂಮ್ ಬಾಡಿಗೆ ಮಿತಿ ಶೇ 1, ಅಂದರೆ 5,000 ಎಂದಿಟ್ಟುಕೊಳ್ಳಿ. "ನಾಲ್ಕು ದಿನಕ್ಕೆ ತಾನೇ" ಎಂದು 8,000ದ ರೂಮು ಹಿಡಿದರೆ ಕೈಯಿಂದ ಹೋಗುವುದು ಹನ್ನೆರಡು ಸಾವಿರ ಎಂದೇ ಎಲ್ಲರೂ ಭಾವಿಸುತ್ತಾರೆ. ಅನುಪಾತದ ಕಡಿತ ಇರುವ ಪಾಲಿಸಿಯಲ್ಲಿ ರೂಮು, ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರ ಮೇಲೂ ಎಂಟರಲ್ಲಿ ಐದು ಪಾಲನ್ನಷ್ಟೇ ಕೊಡುತ್ತಾರೆ. ಆ ಬಾಬತ್ತುಗಳು ಸೇರಿ 1,20,000 ಆಗಿದ್ದರೆ ವಿಮೆಯಿಂದ ಬರುವುದು 75,000, ಉಳಿದ 45,000 ನಿಮ್ಮ ತಲೆಗೆ. ಇಂಪ್ಲಾಂಟ್, ಔಷಧಿ, ಪರೀಕ್ಷೆಗಳಿಗೆ ಈ ಕಡಿತ ಹಾಕಕೂಡದೆಂದು ನಿಯಮವಿದೆ. ಹಾಕಿದ್ದರೆ ಪ್ರಶ್ನಿಸಬೇಕು.

ವಿಮೆಯೇ ಇಲ್ಲದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಜಿಲ್ಲಾಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ಮಾತಾಡುವುದೇ ಅದರ ಮೊದಲ ಹೆಜ್ಜೆ.

ಕೈಯಿಂದ ಕೊಡಬೇಕಾದ ಹಣಕ್ಕೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆ ಮುರಿಯಲು ಹೊರಡುವವರು ಬಹಳ. ಒಂದು ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೇ ಇಲ್ಲ, ಎರಡು ವರ್ಷದೊಳಗೆ ಅಸಲಿನ ಶೇ 1.5, ಆಮೇಲೆ ಶೇ 1 ಕಡಿತ. ಬ್ಯಾಂಕಿನಲ್ಲಿ ಎಫ್‌ಡಿ ಇದ್ದರೆ ಅದರ ಮೇಲೆ ಓವರ್‌ಡ್ರಾಫ್ಟ್ ತೆಗೆಯುವುದು ಅಗ್ಗ. ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚು, ಅದೂ ಬಳಸಿದ ಮೊತ್ತಕ್ಕೆ, ಬಳಸಿದ ದಿನಗಳಿಗೆ ಮಾತ್ರ. ಆಸ್ಪತ್ರೆಯಲ್ಲಿ ತೋರಿಸುವ "ಸುಲಭ ಕಂತು" ಕೊನೆಯ ದಾರಿ. ಇನ್ನು, ಹಿರಿಯ ನಾಗರಿಕ ತಂದೆತಾಯಿಗೆ ವಿಮೆಯೇ ಇಲ್ಲದಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಕ್ಕಳಿಗೆ ಚಿಕಿತ್ಸಾ ವೆಚ್ಚದಲ್ಲಿ 50,000ದವರೆಗೆ ವಿನಾಯಿತಿ ಸಿಗುತ್ತದೆ. ನಗದು ಕೊಟ್ಟರೆ ಮಾತ್ರ ಸಿಗುವುದಿಲ್ಲ, ಯುಪಿಐ ಆಗಲಿ ಚೆಕ್ ಆಗಲಿ ಬೇಕು.

ಇಲ್ಲಿಗೆ ಮೊದಲ ಬಜೆಟ್ ಮುಗಿಯಿತು. ಎರಡನೆಯದು ಶುರುವಾಗುವುದು ಆಪರೇಷನ್‌ಗೆ ತಿಂಗಳ ಮೊದಲೇ.

ತಿಪಟೂರಿನ ಮನೆಯಲ್ಲಿ ಕಕ್ಕಸು ಹಿತ್ತಲಿನಲ್ಲಿತ್ತು, ಅದೂ ಕುಕ್ಕರಗಾಲಲ್ಲಿ ಕೂರುವಂಥದ್ದು. ಹೊಸ ಮಂಡಿಗೆ ಅದು ಸಲ್ಲದು. ಒಳಗಿನ ಬಚ್ಚಲಿನ ಮೂಲೆಯಲ್ಲಿ ಕಮೋಡ್ ಕೂರಿಸಿ, ಪಕ್ಕದ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸುವ ಹೊತ್ತಿಗೆ ಪ್ಲಂಬರ್, ಟೈಲ್ಸಿನವನು, ಸಾಮಾನು ಎಲ್ಲ ಸೇರಿ ಖರ್ಚು ನಿರೀಕ್ಷೆಗಿಂತ ಮೇಲೆ ಹೋಯಿತು. ಬಾಡಿಗೆ ಮನೆಯವರಿಗೆ ಕಮೋಡ್ ಕುರ್ಚಿ ಸಾಕು, ಕೆಲವೇ ಸಾವಿರದಲ್ಲಿ ಸಿಗುತ್ತದೆ. ಸ್ನಾನಕ್ಕೆ ಎತ್ತರದ ಸ್ಟೂಲು, ಕೈಯಿರುವ ಗಟ್ಟಿ ಕುರ್ಚಿ, ವಾಕರ್ ಬೇಕೇ ಬೇಕು. ವಾಕರ್, ಮಂಡಿ ಪಟ್ಟಿ, ಡೈಪರ್ ಇವೆಲ್ಲ ಸಾಮಾನ್ಯವಾಗಿ ವಿಮೆಯವರು ಕೊಡದ ವಸ್ತುಗಳ ಪಟ್ಟಿಯಲ್ಲಿವೆ.

ಇದೇ ತಿಂಗಳಲ್ಲಿ ಹಲ್ಲಿನ ಡಾಕ್ಟರಿಗೂ ಒಂದು ಫೀಸು ತೆಗೆದಿಡಬೇಕು. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣು ಯಾವುದೇ ಇದ್ದರೂ ಅಲ್ಲಿಂದ ಸೋಂಕು ಹೊಸ ಕೀಲಿಗೆ ಇಳಿಯಬಹುದು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಎಂಟರ ಆಸುಪಾಸಿಗಿಂತ ಮೇಲಿದ್ದರೆ ಅನೇಕ ಸರ್ಜನ್‌ಗಳು ದಿನವನ್ನೇ ಮುಂದೂಡುತ್ತಾರೆ. ಹಾಗೆ ಮುಂದೂಡಿದರೆ ರಜೆ ಹಾಕಿದ ಮಗಳ ಸಂಬಳವೂ, ಮುಂಗಡ ಕೊಟ್ಟ ಆಯಾಳ ದುಡ್ಡೂ ದಂಡ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಆಪರೇಷನ್‌ಗೆ ಮೊದಲೇ ಕಲಿಯಬೇಕು. ನೋವಿನ ನಡುವೆ ಹೊಸದಾಗಿ ಕಲಿಯುವುದು ಕಷ್ಟ.

ಆಪರೇಷನ್ ಆದ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಮನೆಗೆ ಬಂದ ಮೇಲೆ ಇನ್ನೊಂದೇ ಲೋಕ. ಬೆಂಗಳೂರಿನಲ್ಲಿ ಮನೆಗೆ ಬರುವ ಫಿಸಿಯೋಗೆ ಭೇಟಿಗೆ ಐನೂರರಿಂದ ಸಾವಿರ. ಮೊದಲ ವಾರಗಳಲ್ಲಿ ದಿನಾ, ಆಮೇಲೆ ದಿನ ಬಿಟ್ಟು ದಿನ ಎಂದು ಲೆಕ್ಕ ಹಾಕಿದರೆ ಇಪ್ಪತ್ತು-ಮೂವತ್ತು ಸಾವಿರ ಸಲೀಸಾಗಿ ದಾಟುತ್ತದೆ. ಇದರಲ್ಲಿ ಸ್ವಲ್ಪ ಮರಳಿ ಪಡೆಯಬಹುದು. ಡಿಸ್ಚಾರ್ಜ್ ನಂತರದ 60 ದಿನದ ಖರ್ಚು ಕೊಡುವ ಪಾಲಿಸಿಗಳು ಸಾಕಷ್ಟಿವೆ. ಆದರೆ ಎಷ್ಟು ಸಲ ಫಿಸಿಯೋ ಬೇಕೆಂದು ಸರ್ಜನ್ ಬರೆದುಕೊಟ್ಟಿರಬೇಕು, ಪ್ರತಿ ಭೇಟಿಯ ತಾರೀಖಿರುವ ರಸೀದಿ ಇರಬೇಕು. ಡಿಸ್ಚಾರ್ಜ್ ಹಾಳೆಯಲ್ಲಿ "ವ್ಯಾಯಾಮ ಮುಂದುವರಿಸಿ" ಎಂದಷ್ಟೇ ಇದ್ದರೆ ಹೊರಡುವ ಮುಂಚೆ ಬಿಡಿಸಿ ಬರೆಸಿಕೊಳ್ಳಿ.

ಆ ದುಡ್ಡಿಗೆ ಏನು ಸಿಗುತ್ತದೆ? ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಪೌಡರ್ ಉದುರಿಸಿ, ಹಿಮ್ಮಡಿಯನ್ನು ಜಾರಿಸುತ್ತ ತನ್ನ ಕಡೆ ಎಳೆದುಕೊಳ್ಳಬೇಕು. ಗೋನಿಯೋಮೀಟರ್ ಎಂಬ ಕೋನಮಾಪಕ ಹಿಡಿದು ಫಿಸಿಯೋ ಹುಡುಗಿ ಅರವತ್ತು, ಎಪ್ಪತ್ತು, ಎಪ್ಪತ್ತೈದು ಎಂದು ಹೇಳುತ್ತಾಳೆ. ತೊಂಬತ್ತು ಡಿಗ್ರಿ ಬಂದರೆ ಕುರ್ಚಿಯಿಂದ ಏಳುವುದು ಹಗುರ. ಆಮೇಲೆ ಹಿಮ್ಮಡಿಯ ಕೆಳಗೆ ಟವೆಲಿನ ಸುರುಳಿ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತಬೇಕು. ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡರೆ ಹಾಯೆನಿಸುತ್ತದೆ, ಹಾಗಾಗಿಯೇ ಅದು ಅಪಾಯ. ಕಾಲು ಬಾಗಿದಂತೆಯೇ ಉಳಿದುಬಿಡುತ್ತದೆ. ಫ್ರಿಜ್ಜಿನ ಐಸು ಸಾಲದೆ ಜ್ಯೂಸ್ ಅಂಗಡಿಯಿಂದ ತರಿಸಬೇಕಾಯಿತು. ನೋಡಲು ಬಂದ ನೆಂಟರು ಬದನೆ, ಆಲೂಗಡ್ಡೆ, ಬೇಳೆ ಎಲ್ಲ ನಂಜು ಎಂದು ಪಥ್ಯ ಹೇಳಿ ಹೋದರು. ಗಾಯ ಮಾಯಲು ಪ್ರೋಟೀನ್ ಬೇಕು, ಬೇಳೆ-ಮೊಟ್ಟೆ ಬಿಡಬೇಡಿ ಎಂಬುದು ಡಾಕ್ಟರ ಮಾತು. ಮೀನಖಂಡ ಊದಿ ನೋವು ಬಂದರೆ, ಗಾಯದಿಂದ ನೀರು ಒಸರಿದರೆ, ಉಸಿರು ಕಟ್ಟಿದರೆ ಮಾತ್ರ ಫೀಸಿನ ಮುಖ ನೋಡದೆ ಆಸ್ಪತ್ರೆಗೆ ಓಡಬೇಕು.

ಐವರಲ್ಲಿ ಸುಮಾರು ಒಬ್ಬರಿಗೆ ಈ ಆಪರೇಷನ್ ಪೂರ್ತಿ ತೃಪ್ತಿ ಕೊಡುವುದಿಲ್ಲ ಎಂದು ವಿದೇಶದ ಅಧ್ಯಯನಗಳು ಹೇಳುತ್ತವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೂ ಕಟ್ಟುತ್ತೇನೆ ಎಂಬ ಆಸೆಯಿಂದ ಹೋದವರಿಗೆ ಆ ನಿರಾಸೆ ಕಟ್ಟಿಟ್ಟದ್ದು. ಬಸ್‌ಸ್ಟ್ಯಾಂಡಿನವರೆಗೆ ನಡೆಯಬೇಕು, ರಾತ್ರಿ ನಿದ್ದೆ ಬರಬೇಕು ಎಂದು ಹೋದವರಿಗೆ ಸಿಗುವ ಸಂಭವ ಹೆಚ್ಚು.

ಇನ್ನೊಂದು ಮಂಡಿಯ ಲೆಕ್ಕ ಬಾಕಿಯಿದೆ. ವಾಜಪೇಯಿ ಪ್ರಧಾನಿಯಾಗಿದ್ದಾಗ ಮುಂಬೈನ ಬ್ರೀಚ್ ಕ್ಯಾಂಡಿಯಲ್ಲಿ ಒಂದು ಮಂಡಿಯನ್ನು 2000ದಲ್ಲಿ, ಇನ್ನೊಂದನ್ನು 2001ರಲ್ಲಿ ಬದಲಾಯಿಸಿಕೊಂಡರು. ಎರಡನ್ನೂ ಒಟ್ಟಿಗೆ ಮಾಡಿಸಿದರೆ ಒಂದೇ ಅಡ್ಮಿಷನ್, ಒಂದೇ ಅರಿವಳಿಕೆ, ಪ್ಯಾಕೇಜೂ ಎರಡು ಪಟ್ಟಿಗಿಂತ ಕಡಿಮೆ. ಆದರೆ ಊರಲು ಒಳ್ಳೆಯ ಕಾಲೇ ಇರುವುದಿಲ್ಲ, ವಯಸ್ಸಾದವರ ಹೃದಯಕ್ಕೂ ಭಾರ. ಬೇರೆ ಬೇರೆ ಪಾಲಿಸಿ ವರ್ಷದಲ್ಲಿ ಮಾಡಿಸಿದರೆ ವಿಮಾ ಮೊತ್ತ ಎರಡು ಸಲ ಹೊಸದಾಗಿ ಸಿಗುತ್ತದೆ, ಮನೆಯ ಬಜೆಟ್ಟೂ ಎರಡು ಸಲ ಬೀಳುತ್ತದೆ. ಕಮೋಡ್, ಹಿಡಿಕೆ, ವಾಕರ್ ಮಾತ್ರ ಮತ್ತೆ ಕೊಳ್ಳಬೇಕಾಗಿಲ್ಲ. ತಾಯಿ ಆರಿಸಿಕೊಂಡದ್ದು ಎರಡನೆಯ ದಾರಿ, ಪಾಲಿಸಿ ನವೀಕರಣವಾದ ಮೇಲೆ. ಅಷ್ಟರವರೆಗೆ ಆಪರೇಷನ್ ಆಗದ ಕಾಲಿಗೂ ವ್ಯಾಯಾಮ ಮಾಡಿಸಬೇಕೆಂದು ಫಿಸಿಯೋ ಹೇಳಿದಾಗ, "ಒಂದೇ ಫೀಸಿಗೆ ಎರಡೂ ಕಾಲು ತಾನೇ?" ಎಂದು ಖಚಿತಪಡಿಸಿಕೊಂಡೇ ಕಾಲು ಚಾಚಿದರು.