ನಮೂನೆಯೂ ಒಂದು ಉಪಕರಣ

ಲೋಲಕದ ಆವರ್ತಕಾಲವನ್ನು ಅಳೆಯುವ ವಿದ್ಯಾರ್ಥಿಯ ಕೋಷ್ಟಕದಲ್ಲಿ ಒಂದೇ ಅಂಕಣವಿದ್ದರೆ ಅವನು ಒಮ್ಮೆ ಅಳೆದು ತೃಪ್ತನಾಗುವನು. ಮೂರಿದ್ದರೆ ಮೂರು ಸಲ ಅಳೆಯುವನು. ಗಡಿಯಾರ ಅದೇ, ಕೈಯೂ ಅದೇ. ಬರೆದುಕೊಳ್ಳುವ ನಮೂನೆ ಮಾತ್ರ ಬೇರೆ. ಉತ್ತರದ ಗುಣವು ಪ್ರಶ್ನೆಯ ನಮೂನೆಯನ್ನೂ ಅವಲಂಬಿಸಿದೆಯೆಂಬುದಕ್ಕೆ ಖಗೋಳವಿಜ್ಞಾನದಲ್ಲಿ ಒಂದು ಸೊಗಸಾದ ನಿದರ್ಶನವುಂಟು.

2007ನೆಯ ಇಸವಿ ಜುಲೈ ತಿಂಗಳಲ್ಲಿ ‘ಗೆಲಾಕ್ಸಿ ಝೂ’ ಎಂಬ ಯೋಜನೆಯು ಪ್ರಾರಂಭವಾಯಿತು. ಸ್ಲೋನ್ ಆಕಾಶ ಸಮೀಕ್ಷೆಯಲ್ಲಿ ದೊರೆತ ಸುಮಾರು 9 ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಆಕಾರಕ್ಕನುಸಾರವಾಗಿ ವಿಂಗಡಿಸಬೇಕಾಗಿದ್ದಿತು. ಬೆರಳೆಣಿಕೆಯ ವಿಜ್ಞಾನಿಗಳಿಂದ ಆಗತಕ್ಕ ಕೆಲಸವಲ್ಲ. ಆದುದರಿಂದ ಅಂತರಜಾಲದ ಮೂಲಕ ಜನಸಾಮಾನ್ಯರ ನೆರವನ್ನು ಕೋರಲಾಯಿತು. ಚಿತ್ರದೊಡನೆ ಆರೇ ಗುಂಡಿಗಳು: ದೀರ್ಘವೃತ್ತಾಕಾರ, ಪ್ರದಕ್ಷಿಣ ಸುರುಳಿ, ಅಪ್ರದಕ್ಷಿಣ ಸುರುಳಿ, ಅಂಚಿನಿಂದ ಕಾಣುವ ಅಥವಾ ದಿಕ್ಕು ತಿಳಿಯದ ಸುರುಳಿ, ಒಂದರೊಡನೊಂದು ಕೂಡುತ್ತಿರುವ ಗೆಲಾಕ್ಸಿಗಳು, ನಕ್ಷತ್ರ ಅಥವಾ ‘ತಿಳಿಯದು’. ಈ ಕೊನೆಯದನ್ನು ಗಮನಿಸಿರಿ. ಅದಿಲ್ಲದಿದ್ದರೆ ತಿಳಿಯದವನೂ ಯಾವುದಾದರೊಂದು ಗುಂಡಿಯನ್ನು ಒತ್ತುತ್ತಿದ್ದನು. ಊಹೆಯು ತಿಳಿವಿನ ವೇಷವನ್ನು ತೊಡುತ್ತಿದ್ದಿತು.

ಮೊದಲ ವರ್ಷದಲ್ಲಿ 1.5 ಲಕ್ಷಕ್ಕೂ ಹೆಚ್ಚು ಜನರು 5 ಕೋಟಿಗೂ ಮಿಕ್ಕಿ ಉತ್ತರಗಳನ್ನು ಕೊಟ್ಟರು. ಒಂದೇ ಚಿತ್ರವನ್ನು ಅನೇಕರು ಬೇರೆಬೇರೆಯಾಗಿ ನೋಡಿದುದರಿಂದ ಒಬ್ಬೊಬ್ಬರ ಬಿಡಿ ತಪ್ಪುಗಳು ಒಟ್ಟು ಲೆಕ್ಕದಲ್ಲಿ ಅಡಗಿಹೋದವು. ಆದರೆ ಎಲ್ಲರೂ ಒಂದೇ ಕಡೆಗೆ ವಾಲಿದರೆ?

ನಡೆದುದೂ ಹಾಗೆಯೇ. ಅಪ್ರದಕ್ಷಿಣ ಸುರುಳಿಗಳೇ ಹೆಚ್ಚೆಂದು ಕಂಡುಬಂದಿತು. ಇದು ನಿಜವಾದರೆ, ವಿಶ್ವದಲ್ಲಿ ಎಲ್ಲ ದಿಕ್ಕುಗಳೂ ಸಮಾನವೆಂಬ ತತ್ತ್ವವೇ ಅಲುಗಾಡಬೇಕು! ವಿಜ್ಞಾನಿಗಳು ಆತುರಪಡಲಿಲ್ಲ. ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ತೋರಿಸಿದರು. ಹೆಚ್ಚಳವು ಆಕಾಶದಲ್ಲಿದ್ದಿದ್ದರೆ ಈಗ ಪ್ರದಕ್ಷಿಣ ಸುರುಳಿಗಳು ಹೆಚ್ಚಬೇಕಾಗಿದ್ದಿತು. ಹಾಗಾಗಲಿಲ್ಲ, ಮತ್ತೆಯೂ ಅಪ್ರದಕ್ಷಿಣವೇ ಮುಂದು. ಓಲುವೆ ಇದ್ದುದು ವಿಶ್ವದಲ್ಲಲ್ಲ, ನೋಡುವವರಲ್ಲಿ.

ಗುಂಡಿಗಳಷ್ಟೇ ಸಾಲವು. ಅದೇ ವರ್ಷ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾಶಿಕ್ಷಕಿಯು ಗೆಲಾಕ್ಸಿಯೊಂದರ ಪಕ್ಕದಲ್ಲಿ ವಿಚಿತ್ರವಾದ ಕಲೆಯೊಂದನ್ನು ಕಂಡರು. ಅದಕ್ಕೆ ಯಾವ ಗುಂಡಿಯೂ ಇರಲಿಲ್ಲ. ಅವರು ಬರೆದು ಕೇಳಿದರು. ಅದು, ಆ ಗೆಲಾಕ್ಸಿಯ ಕೇಂದ್ರವು ಹಿಂದೆ ಪ್ರಖರವಾಗಿದ್ದಾಗ ಹೊರಟ ಬೆಳಕಿನಿಂದ ಹೊಳೆಯುತ್ತಿದ್ದ ಅನಿಲದ ಮೋಡವೆಂದು ತರುವಾಯ ತಿಳಿದುಬಂದಿತು.

ನೀವೂ ನಿಮ್ಮ ಊರಿನ ಮಳೆಯ ದಾಖಲೆಗೆ ನಮೂನೆಯೊಂದನ್ನು ತಯಾರಿಸಿ ನೋಡಿರಿ. ‘ಮಿಲಿಮೀಟರ್’ ಎಂಬ ಮಾನವು ಮೊದಲೇ ಬರೆದಿರಲಿ. ‘ಮಳೆ ಬರಲಿಲ್ಲ’, ‘ಅಳೆಯಲಿಲ್ಲ’ ಎಂಬೆರಡಕ್ಕೂ ಬೇರೆಬೇರೆ ಮನೆಗಳಿರಲಿ; ಸೊನ್ನೆಯೂ ಖಾಲಿ ಜಾಗವೂ ಒಂದೇ ಅಲ್ಲವಷ್ಟೆ. ಕೊನೆಯಲ್ಲಿ ಎರಡು ಗೆರೆಗಳಷ್ಟು ಸ್ಥಳವನ್ನು ಬರಿದಾಗಿ ಬಿಡಿರಿ. ನೀವು ನಿರೀಕ್ಷಿಸದಿದ್ದುದು ಬಂದು ಸೇರಬೇಕಾದುದು ಅಲ್ಲಿಯೇ.